ಮೆರವಣಿಗೆ ಮುಗಿದ ಮೇಲೆ ಮನೆಗೆ ಬಂದವರು

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ‘ನೈಟ್ ಕ್ಯಾಚಸ್ ಅಸ್’ ಎಂಬ ಅಮೆರಿಕದ ಚಿತ್ರದ ಡಿವಿಡಿ ಕುರಿತು ಎರಡು ಪುಟ ಬರೆದಿದ್ದೀರಿ. 2010ರ ಚಿತ್ರ, ಅವರ ಊರಲ್ಲೇ ಓಡಲಿಲ್ಲ. ಅಲ್ಲಿನ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಚಳವಳಿಯ ಕಥೆ ಎಂದು ನಂಬಿ ನೋಡಲು ಕೂತೆ. ಅದರಲ್ಲಿ ಚಳವಳಿಯೇ ಇಲ್ಲ! ಇರುವವರೆಲ್ಲ ಸೋತು ಸುಣ್ಣವಾದವರು, ಒಬ್ಬರನ್ನೊಬ್ಬರು ಗುಮಾನಿಯಿಂದ ನೋಡುವವರು. ನಮ್ಮ ವಿದ್ಯಾರ್ಥಿಗಳು ಇದನ್ನು ನೋಡಿದರೆ ಹೋರಾಟ ಎಂದರೆ ಇಷ್ಟೇ ಎಂದುಕೊಳ್ಳುತ್ತಾರೆ. ನಮ್ಮ ದೊಡ್ಡಪ್ಪ ದಲಿತ ಸಂಘರ್ಷ ಸಮಿತಿಯಲ್ಲಿ ದುಡಿದವರು. ಅವರ ಜಾಥಾಗಳ ಕಥೆ ಕೇಳುತ್ತಲೇ ನಾನು ಬೆಳೆದೆ. ಆಮೇಲೆ ಅವರು ಸುಮ್ಮನಾಗಿಬಿಟ್ಟರು, ಆ ಮಾತು ಬೇರೆ. ಎದ್ದು ನಿಂತವರ ಕಥೆ ಬರೆಯಿರಿ ಸಾರ್. ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಡಿವಿಡಿಯ ಮಾತಾದರೂ ಯಾಕೆ?

— ಕಾಲೇಜು ಉಪನ್ಯಾಸಕರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ

ಮೇಷ್ಟ್ರೇ, ನಿಮ್ಮ ಪತ್ರ ಇನ್ನೂ ಉದ್ದವಿತ್ತು, ಜಾಗ ಸಾಲದೆ ಕತ್ತರಿಸಿದ್ದೇನೆ. ಚಿತ್ರವನ್ನು ಪೂರ್ತಿ ನೋಡಿ ಆಮೇಲೆ ಸಿಟ್ಟಾದವರು ನೀವು. ನೋಡದೆಯೇ ಹೊಗಳುವವರಿಗಿಂತ ಇಂಥವರ ಪತ್ರ ನನಗೆ ಹೆಚ್ಚು ಬೇಕು.

ನಿಮ್ಮ ಮಾತಿನಲ್ಲಿ ಒಪ್ಪಬೇಕಾದ್ದನ್ನು ಮೊದಲು ಒಪ್ಪಿಬಿಡುತ್ತೇನೆ. 1966ರ ಅಕ್ಟೋಬರಿನಲ್ಲಿ ಓಕ್ಲೆಂಡ್‌ನಲ್ಲಿ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಕಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಬಂದೂಕು ಹಿಡಿದ ಫೋಟೊಗಳಲ್ಲಷ್ಟೇ ಇರಲಿಲ್ಲ. 1969ರ ಜನವರಿಯಲ್ಲಿ ಅದೇ ಊರಿನ ಒಂದು ಚರ್ಚಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಬೆಳಗಿನ ತಿಂಡಿ ಬಡಿಸಲು ಶುರುಮಾಡಿದರು. ಆ ಕೆಲಸ ಊರಿಂದೂರಿಗೆ ಹಬ್ಬಿತು. ಕಪ್ಪು ಜನರಲ್ಲಿ ಹೆಚ್ಚಾಗಿ ಕಾಣುವ ಸಿಕಲ್ ಸೆಲ್ ರಕ್ತರೋಗದ ತಪಾಸಣೆಯನ್ನು ಬೀದಿಗೆ ತಂದರು, ಶಾಲೆ ನಡೆಸಿದರು. ಇದು ಹೇಳಬೇಕಾದ ಕಥೆಯೇ, ಮತ್ತು ಅದನ್ನು ಹೇಳುವವರು ಇದ್ದಾರೆ. ‘ಜೂಡಾಸ್ ಆ್ಯಂಡ್ ದ ಬ್ಲ್ಯಾಕ್ ಮೆಸಾಯ’ ಚಿತ್ರದಲ್ಲಿ ಚಿಕಾಗೋದ ಪ್ಯಾಂಥರ್ ನಾಯಕ ಫ್ರೆಡ್ ಹ್ಯಾಂಪ್ಟನ್ ಪಾತ್ರ ಮಾಡಿದ ನಟನಿಗೆ 2021ರಲ್ಲಿ ಆಸ್ಕರ್ ಕೂಡ ಬಂತು. ನಿಮ್ಮ ವಿದ್ಯಾರ್ಥಿಗಳಿಗೆ ಅದನ್ನೂ ಖಂಡಿತ ತೋರಿಸಿ.

ಆದರೆ ‘ನೈಟ್ ಕ್ಯಾಚಸ್ ಅಸ್’ನಲ್ಲಿ ಚಳವಳಿಯೇ ಇಲ್ಲ ಎಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಚಳವಳಿ ಅಲ್ಲಿ ತುಂಬಿಕೊಂಡಿದೆ. ಬೀದಿಯಲ್ಲಿ ಕಾಣುವುದಿಲ್ಲ, ಮನೆಯೊಳಗೆ ಬಂದು ಕೂತಿದೆ, ಅಷ್ಟೇ.

ಚಿತ್ರ ನೋಡದವರಿಗಾಗಿ ಎರಡು ಮಾತು. 1976ರ ಬೇಸಿಗೆ, ಫಿಲಡೆಲ್ಫಿಯಾದ ಜರ್ಮನ್‌ಟೌನ್ ಬಡಾವಣೆ. ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ತುಂಬಿದ ವರ್ಷ, ಆ ಘೋಷಣೆಗೆ ಸಹಿ ಬಿದ್ದ ಊರು. ರೇಡಿಯೊದಲ್ಲಿ ಜಿಮ್ಮಿ ಕಾರ್ಟರ್ ಚುನಾವಣಾ ಭಾಷಣ ಕೇಳಿಬರುತ್ತದೆ. ಅಪ್ಪ ತೀರಿಕೊಂಡಿದ್ದಾರೆಂದು ಮಾರ್ಕಸ್ ಎಂಬ ಹಳೆಯ ಪ್ಯಾಂಥರ್ ಕಾರ್ಯಕರ್ತ ವರ್ಷಗಳ ನಂತರ ಊರಿಗೆ ಬರುತ್ತಾನೆ. ಅವನ ಗೆಳೆಯ ನೀಲ್ ಪೊಲೀಸರ ಗುಂಡಿಗೆ ಸತ್ತಿದ್ದಾನೆ. ಪೊಲೀಸರಿಗೆ ಸುಳಿವು ಕೊಟ್ಟವನು ಮಾರ್ಕಸ್ಸೇ ಎಂದು ಕೇರಿಯೆಲ್ಲ ನಂಬಿದೆ. ನೀಲ್‌ನ ಹೆಂಡತಿ ಪೆಟ್ರೀಷಿಯಾ ಈಗ ವಕೀಲೆ, ಮಗಳ ಜೊತೆ ಅದೇ ಮನೆಯಲ್ಲಿದ್ದಾಳೆ. ನಿಜವಾಗಿ ಬಾಯಿಬಿಟ್ಟವರು ಯಾರು ಎಂಬುದನ್ನು ನೀವು ಪತ್ರದಲ್ಲಿ ಬರೆದಿದ್ದಿರಿ, ಆ ಸಾಲನ್ನು ತೆಗೆದಿದ್ದೇನೆ. ಇನ್ನೂ ನೋಡದವರು ಅದನ್ನು ಚಿತ್ರದಲ್ಲೇ ತಿಳಿಯಲಿ.

ಮಗಳ ಹೆಸರು ಐರಿಸ್. ಅಪ್ಪ ಹೇಗೆ ಸತ್ತ ಎಂದು ಅವಳಿಗೆ ಯಾರೂ ಹೇಳಿಲ್ಲ. ಅವಳು ಗೋಡೆಗೆ ಅಂಟಿಸಿದ ವಾಲ್‌ಪೇಪರನ್ನು ಉಗುರಿನಿಂದ ಎಬ್ಬಿಸಿ ಸುಲಿಯುತ್ತಾಳೆ. ಒಳಗೆ ಒಣಗಿದ ರಕ್ತದ ಕಲೆ. ಆ ಗೋಡೆಗೆ ಕಾಗದ ಹಚ್ಚಿ ಅದರ ಮುಂದೆ ಅಡುಗೆ, ಊಟ, ಮಗುವಿನ ಪಾಠ ಎಲ್ಲ ನಡೆಸಿದ್ದಾಳೆ ಪೆಟ್ರೀಷಿಯಾ. ಮನೆ ಬಿಟ್ಟು ಹೋಗಲೂ ಆಗದು, ಗೋಡೆ ತೋರಿಸಲೂ ಆಗದು. ಇದು ಸೋತವಳ ಚಿತ್ರವೇ ಮೇಷ್ಟ್ರೇ? ಬೀದಿಯ ಮಕ್ಕಳಿಗೆಲ್ಲ ಅವಳ ಮನೆಯಲ್ಲೇ ಊಟ. ಕೇರಿಯ ಹುಡುಗರು ಸ್ಟೇಷನ್ ಸೇರಿದರೆ ಬಿಡಿಸಲು ಓಡುವವಳು ಅವಳೇ. ನೀವು ಹುಡುಕಿದ ಆ ಬೆಳಗಿನ ತಿಂಡಿ ಅಲ್ಲಿ ಇನ್ನೂ ನಡೆಯುತ್ತಿದೆ, ಬ್ಯಾನರ್ ಇಲ್ಲದೆ.

ಈ ಗೋಡೆ ನಿರ್ದೇಶಕಿಯ ಕಲ್ಪನೆ ಇರಬಹುದು, ಆದರೆ ಅದರ ಹಿಂದೆ ನಿಜವಾದ ಗೋಡೆಯೊಂದಿದೆ. 1969ರ ಡಿಸೆಂಬರ್ 4ರ ನಸುಕಿನಲ್ಲಿ ಚಿಕಾಗೋ ಪೊಲೀಸರು ಹ್ಯಾಂಪ್ಟನ್ ಮಲಗಿದ್ದ ಮನೆಗೆ ನುಗ್ಗಿದರು. ಅವನಿಗೆ 21 ವರ್ಷ, ಜೊತೆಗೆ ಸತ್ತ ಮಾರ್ಕ್ ಕ್ಲಾರ್ಕ್‌ಗೆ 22. ಪೊಲೀಸರು 80ಕ್ಕೂ ಹೆಚ್ಚು ಗುಂಡು ಹಾರಿಸಿದ್ದರು, ಒಳಗಿನಿಂದ ಹೊರಟದ್ದು ಒಂದೇ ಒಂದು ಎಂದು ಆಮೇಲೆ ತನಿಖೆಯಲ್ಲಿ ಹೊರಬಿತ್ತು. ಒಳಗಿನವರೇ ಗುಂಡಿನ ಮಳೆ ಸುರಿಸಿದರು ಎಂದು ಸಾಧಿಸಲು ಅಧಿಕಾರಿಗಳು ಪತ್ರಿಕೆಗೆ ಫೋಟೊ ಕೊಟ್ಟರು. ಗುಂಡಿನ ತೂತು ಎಂದು ಅದರಲ್ಲಿ ಗುರುತು ಮಾಡಿದ್ದವು ಬರೀ ಮೊಳೆಯ ತಲೆಗಳು! ಮನೆಗೆ ಬೀಗ ಜಡಿಯದೆ ಪೊಲೀಸರು ಹೋಗಿದ್ದರಿಂದ ಸಿನಿಮಾದವರು ಕ್ಯಾಮೆರಾ ಹಿಡಿದು ಒಳಗೆ ಹೋದರು. ಪಕ್ಷದವರು ಬಾಗಿಲು ತೆರೆದಿಟ್ಟರು. ಸಾವಿರಾರು ಜನ ಸಾಲುಗಟ್ಟಿ ಬಂದು ಗೋಡೆ ನೋಡಿದರು, ರಕ್ತ ಹೀರಿದ ಹಾಸಿಗೆ ನೋಡಿದರು. ಸತ್ತವರ ಮನೆಯವರಿಗೆ ಮತ್ತು ಬದುಕುಳಿದವರಿಗೆ 18.5 ಲಕ್ಷ ಡಾಲರ್ ಪರಿಹಾರಕ್ಕೆ ಸರ್ಕಾರಗಳು ಒಪ್ಪಿದ್ದು 1982ರಲ್ಲಿ. ಅಷ್ಟು ವರ್ಷ ಆ ತಾಯಂದಿರು ಕೋರ್ಟು ಅಲೆದರು. ಇದರಲ್ಲಿ ಯಾವುದು ಚಳವಳಿ, ಯಾವುದು ಚಳವಳಿಯ ಆಮೇಲಿನದು? ನನಗೆ ಗೆರೆ ಎಳೆಯಲು ಬರುವುದಿಲ್ಲ.

ನಿಮಗೆ ಎಲ್ಲಕ್ಕಿಂತ ಬೇಸರ ತಂದದ್ದು ಆ ಪಾತ್ರಗಳ ನಡುವಿನ ಗುಮಾನಿ. ಹೋರಾಟಗಾರರನ್ನು ಸಣ್ಣ ಮನಸ್ಸಿನವರಂತೆ ತೋರಿಸಿದ್ದಾರೆ ಎಂದಿದ್ದೀರಿ. ಅಲ್ಲ ಮೇಷ್ಟ್ರೇ. ಆ ಗುಮಾನಿಯನ್ನು ಸರ್ಕಾರಿ ಖರ್ಚಿನಲ್ಲಿ ಬಿತ್ತಿ ಬೆಳೆಸಿದ್ದರು. ಎಫ್‌ಬಿಐ ಎಂಬ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ನಡೆಸಿದ ‘ಕಾಯಿಂಟೆಲ್‌ಪ್ರೊ’ ಎಂಬ ಗುಪ್ತ ಕಾರ್ಯಾಚರಣೆಯ ಕೆಲಸವೇ ಅದು. ಸುಳ್ಳು ಪತ್ರ ಬರೆದು ನಾಯಕರನ್ನು ಒಬ್ಬರ ಮೇಲೊಬ್ಬರು ಎತ್ತಿಕಟ್ಟಿದರು. ಪಕ್ಷದ ನಾಯಕರೇ ಬೇಡವೆಂದು ಬಿಟ್ಟಿದ್ದ, ಪೊಲೀಸರನ್ನು ಕೊಲ್ಲುವ ಚಿತ್ರಗಳಿದ್ದ ಮಕ್ಕಳ ಬಣ್ಣದ ಪುಸ್ತಕವನ್ನು, ತಿಂಡಿಗೆ ಸಾಮಾನು ಕೊಡುತ್ತಿದ್ದ ಅಂಗಡಿಯವರಿಗೆ ಎಫ್‌ಬಿಐ ತಾನೇ ಅಂಚೆಯಲ್ಲಿ ಕಳಿಸಿತು. ನಮ್ಮ ಚಿತ್ರದಲ್ಲಿ ಜಿಮ್ಮಿ ಎಂಬ ಹುಡುಗ ಹಳೆಯ ಪ್ಯಾಂಥರ್ ಕಾಮಿಕ್ ಪುಸ್ತಕ ತಿರುವಿ ಹಾಕುವಾಗ ಅದರೊಳಗಿನ ಚಿತ್ರಗಳು ಜೀವ ತಳೆದು ಓಡಾಡುತ್ತವಲ್ಲ, ಅದನ್ನು ಇದರ ಪಕ್ಕದಲ್ಲಿಟ್ಟು ಇನ್ನೊಮ್ಮೆ ನೋಡಿ. ಚಳವಳಿ ಕಣ್ಣಾರೆ ಕಾಣದ ಹುಡುಗನ ಕೈಗೆ ಸಿಕ್ಕಿದ್ದು ಆ ಚಿತ್ರಗಳು. ಅವನ ಗತಿ ಏನಾಯಿತೆಂದು ನಿಮಗೆ ಗೊತ್ತು.

ಹ್ಯಾಂಪ್ಟನ್ ಮನೆಯ ನಕ್ಷೆ ಬರೆದು, ಅವನ ಮಂಚ ಎಲ್ಲಿದೆ ಎಂದು ಗುರುತು ಹಾಕಿ ಎಫ್‌ಬಿಐಗೆ ಕೊಟ್ಟವನು ಅವನದೇ ಅಂಗರಕ್ಷಕ ವಿಲಿಯಂ ಓನೀಲ್. 1990ರ ಜನವರಿಯಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಸ್ಮರಣೆಯ ದಿನ, ಓಡುವ ಕಾರಿನ ಮುಂದೆ ಹೋಗಿ ಸತ್ತ. ಬಾತ್ಮೀದಾರನಿಗೂ ಒಂದು ‘ಆಮೇಲೆ’ ಇತ್ತು.

ಜರ್ಮನ್‌ಟೌನ್ ಎಂದಾಗಲೆಲ್ಲ ನನಗೆ ನೆನಪಾಗುವವರು ಇನ್ನಿಬ್ಬರು. ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಪಾಠ ಮಾಡುತ್ತಿದ್ದ ಜಾನ್ ರೇನ್ಸ್, ಅವರ ಹೆಂಡತಿ ಬಾನಿ. ಬಿಳಿಯರು, ಮನೆಯಲ್ಲಿ ಮೂರು ಚಿಕ್ಕ ಮಕ್ಕಳು. ಅದೇ ಬಡಾವಣೆಯ ತಮ್ಮ ಮನೆಯ ಅಟ್ಟದಲ್ಲಿ ಕೂತು ಗೆಳೆಯರೊಂದಿಗೆ ಸಂಚು ಹೂಡಿದರು. 1971ರ ಮಾರ್ಚ್ 8ರ ರಾತ್ರಿ, ದೇಶವೆಲ್ಲ ಮುಹಮ್ಮದ್ ಅಲಿ–ಜೋ ಫ್ರೇಜಿಯರ್ ಬಾಕ್ಸಿಂಗ್ ಕಾಳಗಕ್ಕೆ ಕಿವಿಗೊಟ್ಟಿದ್ದಾಗ, ಫಿಲಡೆಲ್ಫಿಯಾ ಪಕ್ಕದ ಮೀಡಿಯಾ ಎಂಬ ಪುಟ್ಟ ಊರಿನ ಎಫ್‌ಬಿಐ ಕಚೇರಿಯ ಬೀಗ ಮುರಿದು ಕಡತಗಳನ್ನೆಲ್ಲ ಸೂಟ್‌ಕೇಸುಗಳಲ್ಲಿ ತುಂಬಿಕೊಂಡು ಬಂದರು. ಕಾಯಿಂಟೆಲ್‌ಪ್ರೊ ಎಂಬ ಹೆಸರು ಜಗತ್ತಿಗೆ ಗೊತ್ತಾದದ್ದೇ ಆ ಕಡತಗಳಿಂದ. ಎಫ್‌ಬಿಐ ದೊಡ್ಡ ಪಡೆಯನ್ನೇ ಬಿಟ್ಟು ಐದು ವರ್ಷ ಹುಡುಕಿತು, ಒಬ್ಬರೂ ಸಿಗಲಿಲ್ಲ. ಆ ಗಂಡ ಹೆಂಡತಿ ಮಕ್ಕಳನ್ನು ಬೆಳೆಸಿದರು, ಪಾಠ ಮಾಡಿದರು, ನಿವೃತ್ತರಾದರು. ತಾವೇ ಮಾಡಿದ್ದು ಎಂದು ಜಗತ್ತಿಗೆ ಹೇಳಿದ್ದು 2014ರಲ್ಲಿ. ಬೀಗ ಮುರಿದ ಆ ಒಂದು ರಾತ್ರಿಗಿಂತ ಅದನ್ನು ಎದೆಯಲ್ಲಿಟ್ಟುಕೊಂಡು ತರಕಾರಿ ತಂದ, ಮಕ್ಕಳ ಜ್ವರ ನೋಡಿದ ಆ ದಶಕಗಳು ನನ್ನನ್ನು ಹೆಚ್ಚು ಕಾಡುತ್ತವೆ.

ಇನ್ನು ಆ ಊರು. ಫಿಲಡೆಲ್ಫಿಯಾದ ಪೊಲೀಸ್ ಕಮಿಷನರ್ ಆಗಿದ್ದ ಫ್ರ್ಯಾಂಕ್ ರಿಝೋ 1970ರ ಆಗಸ್ಟ್ 31ರಂದು ಪ್ಯಾಂಥರ್ ಕಚೇರಿಗಳ ಮೇಲೆ ದಾಳಿ ಮಾಡಿಸಿದ. ಕಾರ್ಯಕರ್ತರನ್ನು ಬೀದಿಗೆಳೆದು, ಗೋಡೆಗೆ ಮುಖ ಮಾಡಿಸಿ, ಬಟ್ಟೆ ಬಿಚ್ಚಿಸಿ ನಿಲ್ಲಿಸಿದರು. ಅದರ ಫೋಟೊ ಪತ್ರಿಕೆಗಳಲ್ಲಿ ಬಂತು. ಆ ಅವಮಾನದ ಫಲ ಏನು ಗೊತ್ತೇ? ರಿಝೋ ಮೇಯರ್ ಚುನಾವಣೆ ಗೆದ್ದ, 1972ರಿಂದ 1980ರವರೆಗೆ ಊರು ಆಳಿದ. ಚಿತ್ರ ನಡೆಯುವುದು ಅವನ ಆಳ್ವಿಕೆಯ ನಡುವೆ. ಆಮೇಲೆ 1985ರ ಮೇ 13ರಂದು ಅದೇ ಊರಿನ ಪೊಲೀಸರು ‘ಮೂವ್’ ಎಂಬ ಕಪ್ಪು ಜನರ ಸಂಘಟನೆಯ ಮನೆಯ ಮೇಲೆ ಹೆಲಿಕಾಪ್ಟರಿನಿಂದ ಬಾಂಬ್ ಹಾಕಿದರು. ಬೆಂಕಿಯನ್ನು ಉರಿಯಲು ಬಿಟ್ಟರು. ಐದು ಮಕ್ಕಳೂ ಸೇರಿ 11 ಜನ ಸತ್ತರು, 61 ಮನೆ ಸುಟ್ಟು ಹೋದವು. ಊರಿನಲ್ಲಿದ್ದ ರಿಝೋನ ಪ್ರತಿಮೆಯನ್ನು ಎತ್ತಿದ್ದು 2020ರಲ್ಲಿ, ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಸತ್ತು ಬೀದಿಗಳು ತುಂಬಿದ ಮೇಲೆ. ಪೆಟ್ರೀಷಿಯಾಳ ಕೇರಿಯವರು ಇವನ್ನೆಲ್ಲ ಹಾದು ಬದುಕಬೇಕಿತ್ತು. ಚಿತ್ರದಲ್ಲಿ ಚಳವಳಿಯೇ ಇಲ್ಲ ಎಂದು ನೀವು ಹೇಗೆ ಬರೆದಿರೋ!

ಎದ್ದು ನಿಂತವರ ಕಥೆ ಕೇಳಿದಿರಿ. ಚಿಕಾಗೋ ಪ್ಯಾಂಥರ್ ಬಾಬಿ ರಶ್ ಮೂವತ್ತು ವರ್ಷ ಅಮೆರಿಕದ ಸಂಸತ್ತಿನಲ್ಲಿ ಕೂತರು. ಪಕ್ಷ ಕಟ್ಟಿದ ಹ್ಯೂಯಿ ನ್ಯೂಟನ್ 1989ರಲ್ಲಿ ಓಕ್ಲೆಂಡಿನ ಬೀದಿಯೊಂದರಲ್ಲಿ ಗುಂಡೇಟಿಗೆ ಸತ್ತ, ಆಗ ವಯಸ್ಸು 47. ಲೂಯಿಸಿಯಾನಾದ ಜೈಲಿನಲ್ಲಿ ಪ್ಯಾಂಥರ್ ಘಟಕ ಕಟ್ಟಿದ ಆಲ್ಬರ್ಟ್ ವುಡ್‌ಫಾಕ್ಸ್ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಒಂಟಿ ಕೋಣೆಯಲ್ಲಿದ್ದು 2016ರಲ್ಲಿ ಹೊರಬಂದ. ಇವರಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂದು ಪಟ್ಟಿ ಮಾಡಲು ನನ್ನನ್ನು ಕೇಳಬೇಡಿ.

ಈಗ ನಿಮ್ಮ ದೊಡ್ಡಪ್ಪನವರ ವಿಷಯ. ಅಮೆರಿಕದ ಪ್ಯಾಂಥರ್‌ಗಳ ಹೆಸರು ಹೊತ್ತು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟಿತು. ನಾಮದೇವ ಢಸಾಳ, ರಾಜಾ ಢಾಲೆ, ಜೆ.ವಿ. ಪವಾರ್ ಕಟ್ಟಿದ ಆ ಸಂಘಟನೆ ಕೆಲವೇ ವರ್ಷಗಳಲ್ಲಿ ಒಡೆಯಿತು. ನಮ್ಮಲ್ಲಿ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದ ಬಸವಲಿಂಗಪ್ಪನವರ ಮಂತ್ರಿಗಿರಿಯನ್ನು 1973ರ ಬೂಸಾ ಗಲಾಟೆ ನುಂಗಿತು, ಅದೇ ಬಿಸಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ಸಂಘರ್ಷ ಸಮಿತಿ ಎದ್ದಿತು. ಅದೂ ಮುಂದೆ ಬಣಬಣವಾಯಿತು. ಎದ್ದ ಕಾಲದ ಹಾಡು, ಕವಿತೆ, ಭಾಷಣಗಳೆಲ್ಲ ನಮಗೆ ಬಾಯಿಪಾಠ. ಆಮೇಲೆ? ಅಲ್ಲಿಂದ ಮುಂದಕ್ಕೆ ನಮ್ಮ ಕೈಗೆ ಸಿಗುವುದು ತೀರಾ ಕಡಿಮೆ.

ಹಳೆಯ ಕಾರ್ಯಕರ್ತರೊಬ್ಬರ ಮನೆಯಲ್ಲಿ ನಾನು ಈ ಡಿಸ್ಕ್ ಹಾಕಿ ನೋಡಿದ್ದೆ. ಹೊಲಗೇರಿಗೆ ನೀರು ಬಿಡಿಸಲು ಲಾಠಿ ಏಟು ತಿಂದವರು. ಪೆಟ್ರೀಷಿಯಾ ಮನೆ ತುಂಬ ಮಕ್ಕಳಿಗೆ ಊಟ ಬಡಿಸುವ ದೃಶ್ಯ ಬಂದಾಗ ಅವರ ಹೆಂಡತಿ, ಇಂಗ್ಲಿಷ್ ಬಾರದ ಅಮ್ಮ, ಒಲೆ ಮೇಲಿನ ಪಾತ್ರೆ ಬಿಟ್ಟು ಬಂದು ಬಾಗಿಲಿಗೊರಗಿ ನಿಂತರು. “ಈ ಅಕ್ಕುಂಗೂ ನನ್ನಂಗೇ ಆಗೈತೆ ನೋಡ್ರೀ. ಮೀಟಿಂಗಿಗೆ ಬಂದೋರೆಲ್ಲ ಉಂಡು ಹೋದ್ರು. ಕೇಸು ಬಿದ್ದಾಗ ಒಬ್ರೂ ಬರ್ಲಿಲ್ಲ” ಎಂದರು. ಗಂಡ ತಲೆ ಎತ್ತಲಿಲ್ಲ. ಆಮೇಲೆ ಅವರೇ ಆ ಕೇಸಿನ ಕಥೆ ಹೇಳತೊಡಗಿದರು, ಇಷ್ಟು ವರ್ಷ ಯಾವ ವೇದಿಕೆಯಲ್ಲೂ ಹೇಳದ್ದನ್ನು. ಜಾಮೀನು ಕೊಟ್ಟವರು ಯಾರು, ಒತ್ತೆ ಇಟ್ಟ ಓಲೆ ಯಾವುದು, ಯಾವ ಗೆಳೆಯನ ಮನೆಗೆ ಆಮೇಲೆ ಕಾಲಿಡಲಿಲ್ಲ ಎಂಬುದೆಲ್ಲ ಬಂತು. ಒಂದು ಓಡದ ಚಿತ್ರ ಇಷ್ಟು ಮಾಡಿತು. ನಿಮ್ಮ ಪತ್ರದಲ್ಲಿ “ಆಮೇಲೆ ಅವರು ಸುಮ್ಮನಾಗಿಬಿಟ್ಟರು, ಆ ಮಾತು ಬೇರೆ” ಎಂದು ದಾಟಿ ಹೋಗಿದ್ದೀರಲ್ಲ, ಅದು ಬೇರೆ ಮಾತಲ್ಲ ಮೇಷ್ಟ್ರೇ. ಅವರು ಬದುಕಿದ್ದರೆ ಈ ಭಾನುವಾರವೇ ಹೋಗಿ ಕೂತು ಕೇಳಿ. ಇಲ್ಲದಿದ್ದರೆ ದೊಡ್ಡಮ್ಮನನ್ನು ಕೇಳಿ. ಜಾಥಾದ ಕಥೆ ಹೇಳಿದವರು ದೊಡ್ಡಪ್ಪ, ಆ ಮನೆ ನಡೆಸಿದವರು ಅವರೇ ಇರಬೇಕು. ಬರೆದು ಕಳಿಸಿ, ಎಷ್ಟು ಪುಟವಾದರೂ ಹಾಕುತ್ತೇನೆ.

ಡಿವಿಡಿ ಯಾಕೆ ಎಂದಿರಿ. ಇದು ನನಗೆ ಬಹಳ ಕಾಲದಿಂದ ಹೊಟ್ಟೆ ಉರಿಸುವ ವಿಷಯ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಿರ್ದೇಶಕಿ ತಾನ್ಯಾ ಹ್ಯಾಮಿಲ್ಟನ್ ಜಮೈಕಾದಲ್ಲಿ ಹುಟ್ಟಿದವರು. ಈ ಮೊದಲ ಚಿತ್ರಕ್ಕೆ ಹಣ ಹೊಂದಿಸಲು ಅವರಿಗೆ ದಶಕದಷ್ಟು ಕಾಲ ಹಿಡಿಯಿತು. 2010ರ ಜನವರಿಯಲ್ಲಿ ಸಂಡಾನ್ಸ್ ಉತ್ಸವದಲ್ಲಿ ತೋರಿಸಿದರು, ವಿಮರ್ಶಕರು ಮೆಚ್ಚಿದರು. ಡಿಸೆಂಬರಿನಲ್ಲಿ ಬೆರಳೆಣಿಕೆಯ ಥಿಯೇಟರುಗಳಲ್ಲಿ ಬಂದು ಹೋಯಿತು. ಮಾರ್ಕಸ್ ಪಾತ್ರದ ಆಂಥನಿ ಮ್ಯಾಕಿ, ಪೆಟ್ರೀಷಿಯಾ ಪಾತ್ರದ ಕೆರಿ ವಾಷಿಂಗ್ಟನ್ ಮುಂದೆ ಮನೆಮಾತಾದರು, ಆದರೆ ಆಗ ಅವರ ಹೆಸರಿಗೆ ಟಿಕೆಟ್ ಹರಿಯುತ್ತಿರಲಿಲ್ಲ. ಫಿಲಡೆಲ್ಫಿಯಾದವರೇ ಆದ ‘ದ ರೂಟ್ಸ್’ ತಂಡದ ಸಂಗೀತವಿದ್ದೂ ಜನ ಬರಲಿಲ್ಲ. 2011ರ ಆರಂಭದಲ್ಲಿ ಡಿಸ್ಕ್ ಬಂತು. ಥಿಯೇಟರಿಗೆ ಬಾರದವರ ಮನೆಗೆ ಚಿತ್ರವೇ ಹೋಯಿತು. ಅಮೆರಿಕದಲ್ಲಿದ್ದ ನಮ್ಮ ಓದುಗರೊಬ್ಬರು ಊರಿಗೆ ಬರುವಾಗ ತಂದುಕೊಟ್ಟ ಡಿಸ್ಕನ್ನೇ ನಾನು ನೋಡಿದ್ದು. ಇಂಥ ಚಿತ್ರಗಳಿಗೆ ಅದೇ ನಿಜವಾದ ಬಿಡುಗಡೆ.

ಕಪ್ಪು ಜನರ ಸಿನಿಮಾದ ಚರಿತ್ರೆಯನ್ನೇ ನೋಡಿ. 1973ರಲ್ಲಿ ಐವನ್ ಡಿಕ್ಸನ್ ಮಾಡಿದ ‘ದ ಸ್ಪೂಕ್ ಹೂ ಸ್ಯಾಟ್ ಬೈ ದ ಡೋರ್’ ಸಿಐಎ ತರಬೇತಿ ಪಡೆದ ಕಪ್ಪು ಮನುಷ್ಯ ತನ್ನವರನ್ನು ದಂಗೆಗೆ ಸಜ್ಜು ಮಾಡುವ ಕಥೆ. ಕೆಲವೇ ವಾರಗಳಲ್ಲಿ ಥಿಯೇಟರುಗಳಿಂದ ಮಾಯವಾಯಿತು. ನೆಗೆಟಿವ್‌ಗೆ ಬೇರೆ ಹೆಸರು ಹಚ್ಚಿ ಉಗ್ರಾಣದಲ್ಲಿಟ್ಟು ಉಳಿಸಿದರು. ಮೂವತ್ತು ವರ್ಷ ಕದ್ದ ವಿಡಿಯೊ ಪ್ರತಿಗಳಲ್ಲೇ ಬದುಕಿತ್ತು, 2004ರಲ್ಲಿ ಡಿವಿಡಿಯಾಗಿ ಬಂದ ಮೇಲೆ ಜನ ಕಣ್ಣು ತುಂಬ ನೋಡಿದರು. ಚಾರ್ಲ್ಸ್ ಬರ್ನೆಟ್ ವಿದ್ಯಾರ್ಥಿಯಾಗಿ ಎಪ್ಪತ್ತರ ದಶಕದಲ್ಲಿ ಲಾಸ್ ಏಂಜಲೀಸ್‌ನ ವಾಟ್ಸ್ ಕೇರಿಯಲ್ಲಿ ತೆಗೆದ ‘ಕಿಲ್ಲರ್ ಆಫ್ ಶೀಪ್’ ಹಾಡುಗಳ ಹಕ್ಕಿನ ದುಡ್ಡಿಲ್ಲದೆ 2007ರವರೆಗೆ ಥಿಯೇಟರಿಗೇ ಬರಲಾಗಲಿಲ್ಲ. ಹಕ್ಕು ಬಿಡಿಸಿದ್ದು ಚಿಕ್ಕದೊಂದು ವಿತರಣಾ ಸಂಸ್ಥೆ. ಅದೇ ವರ್ಷ ಡಿಸ್ಕ್ ಬಂತು.

ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ ಎಂದಿರಲ್ಲ, ಸಿಗುವುದು ಅವರು ಕೊಟ್ಟಷ್ಟು, ಕೊಟ್ಟಷ್ಟು ದಿನ. ಹಕ್ಕಿನ ಅವಧಿ ಮುಗಿದರೆ ರಾತ್ರೋರಾತ್ರಿ ತೆಗೆಯುತ್ತಾರೆ, ಕೇಳಲು ಅಂಗಡಿಯಿಲ್ಲ, ಅಂಗಡಿಯವನಿಲ್ಲ. ಪಾಠಕ್ಕೆಂದು ಒಂದು ಚಿತ್ರ ಗುರುತು ಮಾಡಿಟ್ಟು, ತರಗತಿಯ ದಿನ ಅದು ಕಾಣೆಯಾದ ಕಥೆಯನ್ನು ಎಷ್ಟು ಮೇಷ್ಟ್ರುಗಳು ನನಗೆ ಬರೆದಿದ್ದಾರೆ! ನಿಮ್ಮ ಕಪಾಟಿನ ಡಿಸ್ಕನ್ನು ಯಾರೂ ತೆಗೆಯಲಾರರು.

ನಾವು ಕನ್ನಡದವರು ಈ ಮಾತನ್ನು ಎಲ್ಲರಿಗಿಂತ ಮೊದಲು ಅರಿಯಬೇಕಿತ್ತು. 1934ರಲ್ಲಿ ಬಂದ ನಮ್ಮ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಇಲ್ಲ. ಸುಬ್ಬಯ್ಯ ನಾಯ್ಡು ಪರದೆಯ ಮೇಲೆ ಹೇಗೆ ಮಾತಾಡಿದರು ಎಂದು ಕೇಳುವ ಭಾಗ್ಯ ನಮ್ಮ ಮಕ್ಕಳಿಗಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಅಷ್ಟರಲ್ಲಿ ಎಷ್ಟೋ ಕರಗಿ ಹೋಗಿತ್ತು. ಮೊದಲ ಚಿತ್ರಕ್ಕೇ ಈ ಗತಿಯಾದ ಮೇಲೆ, ನಮ್ಮ ಚಳವಳಿಗಳ ಜಾಥಾ, ಬೀದಿ ನಾಟಕ, ಸಮಾವೇಶಗಳನ್ನು ಯಾರೋ ಪುಣ್ಯಾತ್ಮರು ಚಿತ್ರೀಕರಿಸಿಟ್ಟಿದ್ದ ಕ್ಯಾಸೆಟ್ಟುಗಳನ್ನು ಕೇಳುವವರು ಯಾರು? ಅಟ್ಟದ ಮೇಲೆ ಬೂಸ್ಟು ಹಿಡಿಯುತ್ತಿವೆ. ಸರ್ಕಾರ ಚಿತ್ರಗಳಿಗೆ ಸಬ್ಸಿಡಿ ಕೊಡುತ್ತದೆ, ಪ್ರಶಸ್ತಿ ಕೊಡುತ್ತದೆ, ಶಾಲು ಹೊದಿಸುತ್ತದೆ. ಆ ಚಿತ್ರಗಳನ್ನು ಹತ್ತು ವರ್ಷದ ನಂತರ ಊರಿನ ಹುಡುಗಿಯೊಬ್ಬಳು ಎಲ್ಲಿ ನೋಡಬೇಕು ಎಂದು ಕೇಳಿದರೆ ಉತ್ತರ ಕೊಡುವ ಅಧಿಕಾರಿ ನನಗಿನ್ನೂ ಸಿಕ್ಕಿಲ್ಲ.

ನಮ್ಮ ಜನಕ್ಕೆ ಇಂಥ ಚಿತ್ರ ಅರ್ಥವಾಗುವುದಿಲ್ಲ ಎಂದು ಮಾತ್ರ ಹೇಳಬೇಡಿ. ಹೆಗ್ಗೋಡಿನ ಅಡಿಕೆ ತೋಟಗಳ ನಡುವೆ ಕೆ.ವಿ. ಸುಬ್ಬಣ್ಣ ಮತ್ತು ಅವರ ನೀನಾಸಂ ಗೆಳೆಯರು ಜಗತ್ತಿನ ಚಿತ್ರಗಳನ್ನು ತಂದು ಊರವರಿಗೆ ತೋರಿಸಿದರು, ಚಿತ್ರ ನೋಡುವುದು ಹೇಗೆಂದು ಶಿಬಿರ ಮಾಡಿದರು. ಜನ ಕೂತು ನೋಡಿದರು, ವಾದ ಮಾಡಿದರು. ಜಿಲ್ಲಾ ಕೇಂದ್ರ ಗ್ರಂಥಾಲಯಗಳಿಗೆ ವರ್ಷವರ್ಷ ಪುಸ್ತಕ ಕೊಳ್ಳುವ ಸರ್ಕಾರ ಒಂದು ಕಪಾಟನ್ನು ಚಿತ್ರಗಳಿಗೆ ಮೀಸಲಿಟ್ಟು, ಒಂದು ಟಿವಿ, ಒಂದು ಪ್ಲೇಯರ್ ಇಟ್ಟರೆ ಆಗುವ ಖರ್ಚು ಒಂದು ಸಮ್ಮೇಳನದ ಪೆಂಡಾಲಿಗೆ ಆಗುವಷ್ಟಿಲ್ಲ. ಈ ವಿಷಯವಾಗಿ ನಾನು ಬರೆದ ಮನವಿಗಳಿಗೆ “ಪರಿಶೀಲಿಸಲಾಗುವುದು” ಎಂಬ ಉತ್ತರ ಬಂದಿದೆ, ಪರಿಶೀಲನೆ ಬಂದಿಲ್ಲ. ಕಾಲೇಜುಗಳಿಗೆ ಅಷ್ಟೂ ಕಷ್ಟವಿಲ್ಲ, ಗ್ರಂಥಾಲಯ ಸಮಿತಿಯಲ್ಲಿ ಒಬ್ಬ ಮೇಷ್ಟ್ರು ಹಠ ಹಿಡಿದರೆ ಸಾಕು. ನಿಮ್ಮಲ್ಲಿ ಸಿಟ್ಟಿದೆ, ಬರೆಯುವ ಕೈ ಇದೆ. ಮುಂದಿನ ಸಭೆಯಲ್ಲಿ ಈ ಬೇಡಿಕೆ ಇಡಿ, ಪ್ರಿನ್ಸಿಪಾಲರು ಏನೆಂದರು ಎಂದು ನನಗೆ ತಿಳಿಸಿ. ವಿದ್ಯಾರ್ಥಿಗಳಿಗೆ ತೋರಿಸುವುದಾದರೆ ನಮ್ಮ ಕಚೇರಿಯ ಡಿಸ್ಕನ್ನೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇನೆ. ನೋಡಿ ಮುಗಿದ ಮೇಲೆ ಅದನ್ನು ಶಿವಮೊಗ್ಗದ ಓದುಗರೊಬ್ಬರಿಗೆ ಕಳಿಸಿ, ಅವರೂ ಕೇಳಿದ್ದಾರೆ, ಅವರ ವಿಳಾಸವನ್ನು ಜೊತೆಗೇ ಇಟ್ಟಿರುತ್ತೇನೆ.